ಡ್ರೋನ್ ಹೊಲದಲ್ಲಿ, ಚುಕ್ಕೆ ಅತ್ತಿಗೆಯ ತೋಟದಲ್ಲಿ

ಲಕ್ಕಣ್ಣನ ಈರುಳ್ಳಿಗೆ ನುಸಿ ಬಿದ್ದಿತ್ತು. ಗರಿಗಳು ತುದಿ ಬೆಳ್ಳಗಾಗಿ ಮುರುಟುತ್ತಿದ್ದವು. ಅಜ್ಜಂಪುರದಿಂದ ಔಷಧಿ ತಂದು ಎರಡು ದಿನವಾಗಿತ್ತು. ಆ ಬೆಳಗ್ಗೆ ಮಹಿಳಾ ಸಂಘದ ಡ್ರೋನ್ ಹೊಲಕ್ಕೆ ಬಂದಾಗ ಅವನಿಗೆ ಹೋದ ಜೀವ ಬಂದಂತಾಯಿತು. ಆದರೆ ಡ್ರೋನ್ ಹಾರಿಸುವ ಅನುಪಮಾ ಔಷಧಿ ತುಂಬಿಸಲೇ ಇಲ್ಲ. ಫೋನ್ ನೋಡಿ ತಲೆಯಲ್ಲಾಡಿಸಿದಳು.

"ಇವತ್ತು ಬೇಡ ಮಾವ. ಸೂರ್ಯನ ಕಡೆಯಿಂದ ಬಿರುಗಾಳಿ ಬಂದೈತೆ ಅಂತ ಸೂಚನೆ ಬಂದೈತೆ."

ಲಕ್ಕಣ್ಣ ಆಕಾಶ ನೋಡಿದ. "ಎಲ್ಲವ್ವಾ ಬಿರುಗಾಳಿ? ತೆಂಗಿನ ಗರಿನೂ ಅಲ್ಲಾಡ್ತಿಲ್ಲ. ಬಿಸಿಲೂ ನಿನ್ನೆಯಂಗೇ ಐತೆ. ಗ್ರಹಣದಂಗೆ ಊಟಾನೂ ಬಿಡ್ಬೇಕೇನು?"

"ಹೊಟ್ಟೆ ತುಂಬಾ ಉಣ್ಣಿ. ಇದು ನಮ್ಗೂ ಏನೂ ಮಾಡಲ್ಲ, ಬೆಳೆಗೂ ಏನೂ ಮಾಡಲ್ಲ. ಸೂರ್ಯ ಆಗಾಗ ಸಿಡಿದು ಕಾದ ಕಣಗಳ ಮೋಡ ಉಗುಳ್ತಾನೆ. ಎರಡು ಮೂರು ದಿನದಾಗೆ ಅದು ಇಲ್ಲಿಗೆ ಬಂದು ಬಡೀತದೆ. ಭೂಮಿ ಸುತ್ತ ಅಯಸ್ಕಾಂತದ ಬಲ ಐತಲ್ಲ, ಅದು ನಮ್ಮನ್ನ ಕಾಯ್ತದೆ. ಕಾಯೋವಾಗ ತಾನೂ ಅಲ್ಲಾಡ್ತದೆ, ಮೇಲಿನ ಆಕಾಶನೂ ಕದಡ್ತದೆ. ಡ್ರೋನ್‌ಗೆ ದಾರಿ ತೋರ್ಸೋದು ಉಪಗ್ರಹದ ಸಿಗ್ನಲ್ಲು. ಆ ಕದಡು ದಾಟಿ ಬಂದ ಸಿಗ್ನಲ್ಲು ತಪ್ಪು ಜಾಗ ಹೇಳ್ತದೆ."

"ಎಷ್ಟು ತಪ್ಪೀತು? ಒಂದು ಮೊಳ?"

ಅನುಪಮಾ ಬದುವಿನಾಚೆ ಕೈ ತೋರಿಸಿದಳು. ಅಲ್ಲಿ ಲಕ್ಕಣ್ಣನ ಅತ್ತಿಗೆ ದಾಕ್ಷಾಯಣಮ್ಮನ ಹಿಪ್ಪುನೇರಳೆ ತೋಟವಿತ್ತು. ಅವಳ ರೇಷ್ಮೆ ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು ಹಗಲೂ ರಾತ್ರಿ ಸೊಪ್ಪು ತಿನ್ನುತ್ತಿದ್ದವು. ಇನ್ನೊಂದು ವಾರ ಕಳೆದರೆ ಗೂಡು. ಈ ಔಷಧಿಯ ಹನಿ ಆ ಸೊಪ್ಪಿಗೆ ಬಿದ್ದರೆ ಅಷ್ಟೂ ಹುಳು ಸಾಯುತ್ತವೆ. ಲಕ್ಕಣ್ಣನಿಗೆ ಅದು ಗೊತ್ತಿತ್ತು. ಆದರೂ ಕಣ್ಣು ಈರುಳ್ಳಿಯ ಮೇಲೇ ಇತ್ತು.

"ನಾನು ನಿಂತು ನೋಡ್ಕೋತೀನಿ, ಹಾರಿಸು," ಎಂದು ಔಷಧಿ ಬಾಟಲಿಯ ಮುಚ್ಚಳ ಸಡಿಲಿಸಿದ.

"ಹಾರಿಸಲ್ಲ ಮಾವ."

"ಸಂಘಕ್ಕೆ ಹೇಳ್ತೀನಿ."

"ಹೇಳಿ. ಆಮೇಲೂ ಹಾರಿಸಲ್ಲ. ನನ್ನ ಮಾತು ನಂಬಬೇಡಿ, ಬನ್ನಿ, ನಿಮ್ಮ ಕಲ್ಲನ್ನೇ ಕೇಳಾಣ."

ಇಬ್ಬರೂ ಖಾಲಿ ಡ್ರೋನನ್ನು ಹೊತ್ತು ತಂದು ಬದುವಿನ ಗಡಿಕಲ್ಲಿನ ಪಕ್ಕ ಇಟ್ಟರು. ಲಕ್ಕಣ್ಣನಿಗೂ ಅವನ ಅಣ್ಣನಿಗೂ ಭಾಗವಾದಾಗ ಅಪ್ಪ ನೆಟ್ಟ ಕಲ್ಲು ಅದು. ಹಿಂದಿನ ತಿಂಗಳು ಇದೇ ಕಲ್ಲಿನಿಂದ ನಡೆದು ಅನುಪಮಾ ಹೊಲದ ಗೆರೆಯನ್ನು ಫೋನಿನಲ್ಲಿ ಗುರುತಿಸಿದ್ದಳು. ಡ್ರೋನ್ ಇರುವ ಜಾಗ ತೋರಿಸುವ ಪರದೆಯ ಚುಕ್ಕೆ ಆ ಗೆರೆಯ ಮೂಲೆಯಲ್ಲಿ ನಿಲ್ಲಬೇಕಿತ್ತು. ತುಸು ಹೊತ್ತು ನಿಂತಿತು. ಆಮೇಲೆ ಮೆಲ್ಲಗೆ ಜಾರಿ ಗೆರೆ ದಾಟಿತು. ಹಿಪ್ಪುನೇರಳೆಯ ಮೊದಲ ಸಾಲು, ಎರಡನೇ ಸಾಲು. ಮತ್ತೆ ವಾಪಸು, ಮತ್ತೆ ಒಳಗೆ.

"ಇದ್ಯಾಕಮ್ಮಾ ಹಿಂಗೆ ಓಡಾಡ್ತೈತೆ!" ಲಕ್ಕಣ್ಣ ಕಲ್ಲನ್ನು ಕಾಲಿನಿಂದ ಒತ್ತಿ ನೋಡಿದ. ಕಲ್ಲು ಕದಲಲಿಲ್ಲ. ಡ್ರೋನ್ ಕೂಡ ಇಟ್ಟಲ್ಲೇ ಇತ್ತು.

ಅಷ್ಟರಲ್ಲಿ ಸೊಪ್ಪಿನ ಹೊರೆ ಹೊತ್ತು ದಾಕ್ಷಾಯಣಮ್ಮ ಬಂದಳು. "ಏನಪ್ಪಾ ಮೈದ್ನಾ, ಕಲ್ಲು ಕಾಯ್ತಾ ಕೂತಿದ್ದೀಯಾ? ನಾನೇನು ಕಿತ್ಕೊಂಡು ಹೋಗಲ್ಲ."

ಲಕ್ಕಣ್ಣ ಅವಳ ತಲೆಯ ಮೇಲಿನ ಹಸಿರು ಸೊಪ್ಪು ನೋಡಿದ. ತನ್ನ ಕೈಯಲ್ಲಿದ್ದ ಔಷಧಿ ಬಾಟಲಿ ನೋಡಿದ. ಮುಚ್ಚಳ ಬಿಗಿ ಮಾಡಿದ.

"ನಿನ್ನ ಹುಳಾನೇ ಕಾಯ್ತಿದ್ದೀನಿ ಕಣತ್ತಿಗೆ," ಎಂದ.

ಎರಡು ದಿನ ಡ್ರೋನ್ ಏಳಲಿಲ್ಲ. ಮೂರನೇ ಬೆಳಗ್ಗೆ ಅದನ್ನು ಕಲ್ಲಿನ ಪಕ್ಕ ಇಟ್ಟು, ಲಕ್ಕಣ್ಣನೇ ಹತ್ತು ನಿಮಿಷ ಪರದೆ ನೋಡಿದ. ಚುಕ್ಕೆ ಅಂಟಿಕೊಂಡಂತೆ ನಿಂತಿತ್ತು. ಗಾಳಿಯೂ ಇರಲಿಲ್ಲ. "ಈಗ ಎಬ್ಬಿಸವ್ವಾ. ಬದುವಿನ ಪಕ್ಕದ ನಾಲ್ಕು ಸಾಲು ಬಿಡು, ನಾನು ಕೈಪಂಪಿನಾಗೆ ಬಗ್ಗಿ ಹೊಡ್ಕೋತೀನಿ," ಎಂದ. ಒಂದಷ್ಟು ಗರಿ ಒಣಗಿದವು, ಗೆಡ್ಡೆ ಉಳಿಯಿತು. ಮುಂದಿನ ವಾರ ದಾಕ್ಷಾಯಣಮ್ಮನ ಹುಳುಗಳು ಬಿದಿರಿನ ಚಂದ್ರಿಕೆ ತಟ್ಟೆ ಏರಿ ಗೂಡು ಕಟ್ಟಿದವು.

ಅಕ್ಕಂದಿರೇ, ಅಣ್ಣಂದಿರೇ, ಸೌರ ಬಿರುಗಾಳಿ ಎಂದು ಕೇಳಿದರೆ ಹೆದರಬೇಡಿ. ಬಾಗಿಲು ಹಾಕಿಕೊಳ್ಳಬೇಡಿ, ಊಟ ಬಿಡಬೇಡಿ. ಆದರೆ ನಿಮ್ಮ ಹೊಲದಲ್ಲಿ ಡ್ರೋನ್ ಏಳುವ ಮೊದಲು ಅದನ್ನು ನಿಮಗೆ ಗೊತ್ತಿರುವ ಗಡಿಕಲ್ಲಿನ ಪಕ್ಕ ಇಡಿಸಿ. ಚುಕ್ಕೆ ಕದಲಿದರೆ, ಕಾರಣ ಸೂರ್ಯನಿರಲಿ, ಬೇರೇನೇ ಇರಲಿ, ಹಾರಿಸಲು ಒಪ್ಪಬೇಡಿ. "ಇವತ್ತು ಬೇಡ" ಎನ್ನುವ ಹೆಣ್ಣುಮಗಳನ್ನು ಬೈಯಬೇಡಿ. ಬದುವಿನಾಚೆ ಯಾರ ಸೊಪ್ಪಿದೆ ಎಂದು ಒಮ್ಮೆ ತಿರುಗಿ ನೋಡಿ.