ಒಂಬತ್ತನೆಯ ಕ್ಷಮೆ

ನಮ್ಮ ಮನೆಯಲ್ಲಿ ನೀರು ಸೋಸುವ ಬಿಳಿಯ ಅರಿವೆಯೊಂದಿತ್ತು. ನನ್ನ ಹೆಂಡತಿ ಅನಂತಮತಿ ಬಾವಿಯಿಂದ ಸೇದಿದ ನೀರನ್ನು ಅದರ ಮೂಲಕವೇ ಕೊಡಕ್ಕೆ ಬಿಡುತ್ತಿದ್ದಳು. ಆಮೇಲೆ ಅರಿವೆಯನ್ನು ಮಗುಚಿ ಹಿಡಿದು, ಮೇಲಿನಿಂದ ಸೋಸಿದ ನೀರು ಹನಿಸಿ, ಅದಕ್ಕೆ ಅಂಟಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಬಾವಿಗೇ ಇಳಿಸುತ್ತಿದ್ದಳು. ಜೈನರ ಮನೆಗಳಲ್ಲಿ ಇದು ಹಿಂದಿನಿಂದ ಬಂದ ನೇಮ. ಅವಸರವಿದ್ದಾಗ ಎಷ್ಟೋ ಮಂದಿ ಕೊನೆಯ ಭಾಗವನ್ನು ಬಿಟ್ಟುಬಿಡುತ್ತಾರೆ. ಅವಳು ಜ್ವರದಲ್ಲಿಯೂ ಬಿಟ್ಟವಳಲ್ಲ.

ಅಂಥವಳ ಮೂತ್ರಪಿಂಡಗಳು ರಕ್ತ ಸೋಸುವ ಕೆಲಸವನ್ನು ಮೆಲ್ಲಗೆ ಕೈಬಿಡತೊಡಗಿದವು. ಡಾಕ್ಟರು ರಕ್ತ ಪರೀಕ್ಷೆಯ ಚೀಟಿಯನ್ನು ನನ್ನ ಕೈಗೆ ಕೊಟ್ಟು ಹೇಳಿದರು: "ಮೂರರಾಗ ಒಂದು ಪಾಲು ಉಳದದ. ಪಥ್ಯ ಹಿಡದ್ರ ಇನ್ನೂ ಭಾಳ ವರ್ಷ ನಡೀತದ. ಯಾವ ದವಾಖಾನಿಗೆ ಹೋದ್ರೂ ಮೊದಲು ಈ ಚೀಟಿ ತೋರಸ್ರಿ. ಸ್ಕ್ಯಾನ್ ಅಂದ್ರಂತೂ ಮರೀಬ್ಯಾಡ್ರಿ. ಚಿತ್ರ ಸ್ವಚ್ಛ ಕಾಣ್ಲಿ ಅಂತ ನರಕ್ಕ ಒಂದು ಔಷಧ ಏರಸ್ತಾರ. ಇಂಥ ಕಿಡ್ನಿಗೆ ಅದು ಭಾರ ಆಗಬಹುದು."

ಅದೇ ದಿನಗಳಲ್ಲಿ ಮಗಳು ಸುನಂದೆಗೆ ಒಳ್ಳೆಯ ಮನೆತನ ಕೂಡಿಬಂತು. ಸಂಬಂಧ ತಂದವಳು ನನ್ನ ಅಕ್ಕ ಮರುದೇವಿ. ತಾಯಿ ತೀರಿದ ಮೇಲೆ ನನ್ನನ್ನು ಬೆಳೆಸಿದವಳು. "ಅನಂತಿ ಬ್ಯಾನಿ ಸುದ್ದಿ ಅಕ್ಷತಿ ಬೀಳೂತನಕಾ ಹೊಸ್ತಿಲ ದಾಟಬಾರದು. ತಾಯಿಗಿದ್ದದ್ದು ಮಗಳಿಗೂ ಬಂದೀತಂತ ಬೀಗರು ಹಿಂದ ಸರೀತಾರ" ಎಂದಳು. ನಾನು ಮಾತಾಡಲಿಲ್ಲ. ಮೌನವನ್ನು ಅವಳು ಒಪ್ಪಿಗೆಯೆಂದು ತಿಳಿದಳು. ಅದು ಒಪ್ಪಿಗೆಯೇ ಆಗಿತ್ತು.

ಮದುವೆಗೆ ಹದಿನೈದು ದಿನವಿದ್ದಾಗ ಅನಂತಮತಿಗೆ ಹೊಟ್ಟೆನೋವು ಎದ್ದಿತು. ಬೇರೊಂದು ದವಾಖಾನೆಯಲ್ಲಿ ತೋರಿಸಿದಾಗ ಸ್ಕ್ಯಾನ್ ಮಾಡಿಸಬೇಕೆಂದರು. ನಾನು ಹೊರಟು ನಿಂತಾಗ ಅಕ್ಕ ತಡೆದಳು. "ಹೆಣ್ಣಮಕ್ಕಳ ಕೂಡ ನಾ ಹೋಗ್ತೀನಿ. ನೀ ಬಂದ್ರ ಅಲ್ಲಿ ಡಾಕ್ಟರನ್ನೂ ಬೆಂಚಿನ ಮ್ಯಾಲ ನಿಲ್ಲಸ್ತಿ." ನಾನು ಶಾಲೆಯ ಮಾಸ್ತರ. ಅನಂತಮತಿ ನೋವಿನಲ್ಲಿಯೂ ನಕ್ಕಳು. ನಾನು ಚೀಟಿಯನ್ನು ಅಕ್ಕನ ಚೀಲದಲ್ಲಿಟ್ಟು, "ಮೊದಲು ಇದನ್ನ ತೋರಸು" ಎಂದೆ. "ತೋರಸ್ತೀನೋ ತಮ್ಮಾ, ಎಷ್ಟ ಸಲ ಹೇಳ್ತಿ" ಎಂದಳು.

ನರಕ್ಕೆ ಔಷಧ ಏರಿಸಿಯೇ ಸ್ಕ್ಯಾನ್ ತೆಗೆದಿದ್ದರು. ಮೂರನೆಯ ದಿನಕ್ಕೆ ಮೂತ್ರ ಕಡಿಮೆಯಾಯಿತು. ಪಾದ ಊದಿ ಬೆರಳಲ್ಲಿ ಕಾಲುಂಗುರ ಹೂತುಹೋಯಿತು. ಅಕ್ಕಸಾಲಿಗನನ್ನು ಕರೆಸಿ ಕತ್ತರಿಸಿ ತೆಗೆಸಬೇಕಾಯಿತು. ಮಗಳ ಮದುವೆಯನ್ನು ಅವಳು ಕುರ್ಚಿಯಲ್ಲಿ ಕುಳಿತು ನೋಡಿದಳು. ಆಮೇಲೆ ನಾಲ್ಕು ತಿಂಗಳು ಯಂತ್ರದಿಂದ ರಕ್ತ ಶುದ್ಧಮಾಡಿಸಿದೆವು. ಅವಳು ಉಳಿಯಲಿಲ್ಲ.

"ಆ ಔಷಧದಿಂದನ ಅಂತ ಖಾತ್ರಿ ಹೇಳಾಕಾಗೂದಿಲ್ಲ" ಎಂದರು ಡಾಕ್ಟರು. "ಆದ್ರ ಗೊತ್ತಿದ್ದಿದ್ರ ಅವರು ಮೊದಲು ರಕ್ತ ನೋಡ್ತಿದ್ರು, ಸಲಾಯಿನ್ ಹಚ್ತಿದ್ರು, ಇಲ್ಲಾ ಔಷಧ ಇಲ್ದನ ಚಿತ್ರ ತಗೀತಿದ್ರು. ಚೀಟಿ ತೋರಿಸಿದ್ರಿಲ್ಲೋ?"

"ತೋರಿಸಿದ್ವಿ" ಎಂದೆ. ಅಕ್ಕ ನನ್ನ ಪಕ್ಕದಲ್ಲಿಯೇ ನಿಂತಿದ್ದಳು.

ಅಂದು ಸ್ಕ್ಯಾನಿನ ಕಡೆ ಕುಳಿತು ಫಾರಂ ತುಂಬಿದವನು ಪಾಯಪ್ಪ, ನನ್ನ ಅಳಿಯನ ಸೋದರಮಾವ. ಚೀಟಿ ನೋಡಿಯೂ ಲಕ್ಷ್ಯ ಕೊಡದ ಪಾಪಿ ಅವನೇ ಎಂದು ನಾನು ನಿಶ್ಚಯಿಸಿದೆ. ಬಸದಿಯಲ್ಲಿ ಅವನು ಬಲಕ್ಕೆ ನಿಂತರೆ ನಾನು ಎಡಕ್ಕೆ ಸರಿಯುತ್ತಿದ್ದೆ. ಹೀಗೆ ಎಂಟು ವರ್ಷ.

ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮಲ್ಲಿ ಒಬ್ಬರೊಬ್ಬರ ಕ್ಷಮೆ ಕೇಳುವ ದಿನ ಬರುತ್ತದೆ. ಪ್ರತಿ ವರ್ಷ ನನ್ನ ಮನೆಗೆ ಮೊದಲು ಬರುತ್ತಿದ್ದವಳು ಅಕ್ಕ. "ತಿಳಿದೋ ತಿಳೀದನೋ ಮಾಡಿದ ತಪ್ಪ ಹೊಟ್ಟ್ಯಾಗ ಹಾಕ್ಕೋ ತಮ್ಮಾ" ಎಂದು ಕೈಮುಗಿದು ಅಳುತ್ತಿದ್ದಳು. "ನೀ ಏನ ತಪ್ಪ ಮಾಡೀಯಕ್ಕಾ, ಕ್ಷಮಾ ಐತಿ" ಎಂದು ನಾನು ಅವಳ ಕಾಲು ಮುಟ್ಟುತ್ತಿದ್ದೆ. ಆ ಕಣ್ಣೀರು ಅನಂತಮತಿಯ ನೆನಪಿನದೆಂದು ನಂಬಿದ್ದೆ.

ಒಂಬತ್ತನೆಯ ವರ್ಷ ಅವಳು ಬಂದು ಬಾವಿಕಟ್ಟೆಯ ಮೇಲೆ ಕುಳಿತಳು. ಕೈಮುಗಿಯಲಿಲ್ಲ.

"ಹ್ವಾದ ವಾರ ನನಗೂ ಸ್ಕ್ಯಾನ್ ಹೇಳಿದ್ರು" ಎಂದಳು. "ಅಲ್ಲಿ ಹುಡಿಗಿ ಕೇಳಿದ್ಳು, ಕಿಡ್ನಿ ತ್ರಾಸ ಐತೇನ್ರೀ ಅಂತ. ನನ್ನ ನಾಲಗಿ ಏಳಲಿಲ್ಲೋ. ಅವತ್ತ ಪಾಯಪ್ಪನೂ ಅದನ್ನ ಕೇಳಿದ್ದ. ಎದರಿಗೆ ಕುಂತಾವ ಬೀಗರ ಪೈಕಿ. ಏನಿಲ್ರಿ, ಕಲ್ಲಿನಂಗ ಗಟ್ಟಿ ಅದಾಳ ಅಂದೆ. ಚೀಟಿ ಚೀಲದಾಗ ಉಳೀತು."

"ಅನಂತಿ?"

"ನನ್ನ ಮಾರಿ ನೋಡಿದ್ಳು. ಏನೂ ಅನ್ನಲಿಲ್ಲ. ಮಗಳ ಮದುವಿ."

ಎಂಟು ಸಲ ನಾನು ಕ್ಷಮಿಸಿದ್ದೆ. ಯಾವುದನ್ನು ಕ್ಷಮಿಸುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಹೆಂಡತಿಯ ಸಾವಿಗಿಂತ ಅದೇ ನನ್ನನ್ನು ಆ ಗಳಿಗೆಯಲ್ಲಿ ಹೆಚ್ಚು ಸುಟ್ಟಿತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ. ಚಪ್ಪಲಿ ಮೆಟ್ಟಿ ಪಾಯಪ್ಪನ ಮನೆಗೆ ನಡೆದೆ.

"ಬರ್ರಿ ಮಾಸ್ತರ" ಎಂದ ಅವನು, ನಿನ್ನೆಯಷ್ಟೇ ಭೇಟಿಯಾದವನಂತೆ. ನಾನು ಕೈಮುಗಿದೆ. ಮಾತು ಮುಗಿಸುವ ಮೊದಲೇ ಅವನು ನನ್ನ ಕೈ ಹಿಡಿದುಕೊಂಡ.

"ಫಾರಮಿನಾಗ 'ಇಲ್ಲ' ಅಂತ ನಾನ ಬರದದ್ದು ಮಾಸ್ತರ. ನಿಮ್ಮ ಅಕ್ಕಾವ್ರು ಹೇಳಿದ್ರು, ಬರದೆ."

"ಮತ್ತ ಇಷ್ಟು ವರ್ಷ ನನ್ನ ಸಿಟ್ಟ ಸಹಿಸಿಕೊಂಡು ಯಾಕ ಸುಮ್ನಿದ್ರಿ?"

"ಸುನಂದಾ ನಮ್ಮನಿ ಸೊಸಿ. ಆಕಿ ಸೋದರತ್ತಿ ಹೆಸರ ಕೆಡಸೂದು ಹೆಂಗ್ರಿ?" ನನ್ನ ಕೈ ಬಿಟ್ಟು ಮತ್ತೆ ಹೇಳಿದ. "ನನ್ನ ತಂಗಿಗೆ, ನಿಮ್ಮ ಬೀಗತಿಗೆ, ಹುಟ್ಟಿದಾಗಿಂದ ಒಂದ ಕಿಡ್ನಿ. ಮದುವಿ ತಪ್ಪೀತಂತ ನಾವೂ ನಿಮಗ ಹೇಳಿರಲಿಲ್ಲ. ನೀವು ಅಂದಿದ್ರ ನಾವೇನ ಅಂತಿದ್ವಿ? ನಾನ ಸೂಜಿ ತಡೀತಿದ್ದೆ."

ಮನೆಗೆ ಮರಳಿದಾಗ ಸೂರ್ಯ ಇಳಿಯುತ್ತಿದ್ದ. ಅಕ್ಕ ಬಾವಿಕಟ್ಟೆಯ ಮೇಲೆ ಹಾಗೆಯೇ ಕುಳಿತಿದ್ದಳು. ತುಟಿ ಒಣಗಿತ್ತು. ಜೈನರ ನೇಮದಂತೆ ಹೊತ್ತು ಮುಳುಗಿದರೆ ಅವಳು ನೀರು ಮುಟ್ಟುವವಳಲ್ಲ, ತಾನಾಗಿ ಕೇಳುವವಳೂ ಅಲ್ಲ.

ಒಂದು ಕೊಡ ನೀರು ಸೇದಿದೆ. ಅರಿವೆ ಕಟ್ಟಿ ಸೋಸಿದೆ. ತಂಬಿಗೆ ತುಂಬಿ ಅವಳ ಮುಂದಿಟ್ಟೆ. ಅವಳು ನನ್ನ ಬಾಯಿಯನ್ನೇ ನೋಡಿದಳು. ಪ್ರತಿ ವರ್ಷ ಅಷ್ಟು ಸುಲಭವಾಗಿ ಬರುತ್ತಿದ್ದ ಮಾತು ಅಂದು ಬರಲಿಲ್ಲ. ಅವಳು ಎರಡೂ ಕೈಯಿಂದ ತಂಬಿಗೆ ಎತ್ತಿ ಕುಡಿದಳು.

ನಾನು ಬಾವಿಯ ಕಡೆ ತಿರುಗಿ ಅರಿವೆಯನ್ನು ಮಗುಚಿ ಹಿಡಿದೆ, ಮೇಲಿನಿಂದ ನೀರು ಹನಿಸಿದೆ. ಹನಿಗಳು ಒಂದೊಂದಾಗಿ ಕೆಳಗಿನ ಕತ್ತಲಿಗೆ ಇಳಿದವು. ಕೊನೆಯ ಹನಿಯ ಸದ್ದು ಕೇಳುವವರೆಗೂ ಅಲ್ಲಿಯೇ ನಿಂತಿದ್ದೆ.