ಬೆಳ್ಳಿ ಡಾಲರಿನ ಹೊಂಬಣ್ಣ

ಗಂಗಹನುಮಯ್ಯನವರಿಗೆ ನನ್ನಿಂದ ಬೇಕಾಗಿದ್ದುದು ಸ್ವತಂತ್ರ ಅಭಿಪ್ರಾಯ. ಅದು ತಮ್ಮ ಅಭಿಪ್ರಾಯವೇ ಆಗಿರಬೇಕು ಎನ್ನುವುದೊಂದೇ ಅವರ ಷರತ್ತು.

ಬ್ಯಾಂಕಿನಿಂದ ನಿವೃತ್ತರಾಗಿ ಚನ್ನಪಟ್ಟಣದಲ್ಲಿ ನೆಲೆಸಿದ ಮೇಲೆ ಅವರು ಮೊದಲು ಯೋಗ ಹಿಡಿದರು, ಆಮೇಲೆ ಜೇನು ಸಾಕಿದರು. ಯೋಗ ಅವರ ಸೊಂಟಕ್ಕೆ ಆಗಲಿಲ್ಲ, ಅವರು ಜೇನಿಗೆ ಆಗಲಿಲ್ಲ. ಎರಡು ವರ್ಷದ ಹಿಂದೆ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ ನಾಣ್ಯತಜ್ಞರಾದರು. ವಿಡಿಯೊ ಮುಗಿಯುವ ಮೊದಲೇ ಪರಿಣತಿ ಬಂದಿತ್ತು.

ಅವರ ಸಂಗ್ರಹದಲ್ಲಿದ್ದುದು ಒಂದೇ ನಾಣ್ಯ, ಅದೂ ಹೆಂಡತಿಯದು. ಚಿನ್ನಮ್ಮನ ತಾತ ಕೋಡಿಹಳ್ಳಿಯವರು. ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರಿಗೆ ಅಡುಗೆ ಮಾಡುತ್ತಿದ್ದರಂತೆ. ಊರಿಗೆ ಹೊರಟ ಸೈನಿಕನೊಬ್ಬ ಅವರ ಕೈಗಿತ್ತ ೧೮೮೧ರ ಬೆಳ್ಳಿ ಡಾಲರ್ ಅದು. ಅದರ ಮೇಲಿನ ಹೆಂಗಸಿನ ಹಣೆಯ ಮೇಲೆ ಕಿರೀಟದಂಥ ಪಟ್ಟಿ, ಮುಡಿಯಲ್ಲಿ ಗೋಧಿಯ ತೆನೆ. ಕೋಡಿಹಳ್ಳಿಯ ಮನೆಯವರು ಹೆಚ್ಚು ಯೋಚಿಸದೆ ಅವಳನ್ನು ಲಕ್ಷ್ಮಿ ಎಂದು ಒಪ್ಪಿಕೊಂಡರು. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಬಂದ ಆಕೆ ಪ್ರತಿ ವರಮಹಾಲಕ್ಷ್ಮಿ ಹಬ್ಬದಲ್ಲೂ ಕಳಸದ ಮುಂದೆ ಕೂರುತ್ತಿದ್ದಳು. ವಿಡಿಯೊ ನೋಡಿದ ದಿನ ಗಂಗಹನುಮಯ್ಯನವರು ಆಕೆಯನ್ನು ದೇವರಮನೆಯಿಂದ ಬೀರುವಿಗೆ ವರ್ಗ ಮಾಡಿದರು. ಆಮೇಲಿನ ಹಬ್ಬಗಳಲ್ಲಿ ಕಳಸದ ಮುಂದೆ ಕೂತದ್ದು ಹತ್ತು ರೂಪಾಯಿಯ ನಾಣ್ಯ.

ಈಗ ಇನ್ನೊಂದು ಹೆಜ್ಜೆ. ಏಜೆಂಟನೊಬ್ಬನ ಮೂಲಕ ನಾಣ್ಯವನ್ನು ಹೊರದೇಶಕ್ಕೆ ಕಳಿಸಿ, ಅಲ್ಲಿನ ಪರೀಕ್ಷಕರಿಂದ ದರ್ಜೆ ಹಾಕಿಸಿ, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಶಾಶ್ವತವಾಗಿ ಮುಚ್ಚಿಸುವುದು. ನಾನು ಪಕ್ಕದ ಮನೆಯವಳು. ರಾಮನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ಹಳೆಯ ನಾಣ್ಯ ಕೂಡಿಡುವ ಹುಚ್ಚೂ ಇದೆ. ನಾನು ಹೂಂ ಎಂದರೆ ನಾಳೆಯೇ ರವಾನೆ. ನಾಳಿದ್ದು ಹಬ್ಬ.

ಚಿನ್ನಮ್ಮ ಕಾಫಿ ಕೊಡುತ್ತಾ ಗಂಡನನ್ನು ಬಿಟ್ಟು ನನ್ನನ್ನೇ ಕೇಳಿದರು. "ಅಲ್ಲಿಗೋದ್ರೆ ಮುಂದಿನ್ ವರ್ಸುದ್ ಹಬ್ಬಕ್ಕಾದ್ರೂ ಕೈಗ್ ಸಿಕ್ತದಾ?"

"ವಾಪಸ್ ಬರುತ್ತೆ. ಆದ್ರೆ ಪ್ಲಾಸ್ಟಿಕ್ ಒಳಗೇ ಇರುತ್ತೆ, ಮುಟ್ಟೋಕಾಗಲ್ಲ," ಎಂದೆ.

ಅವರು ಗೋಡೆಗೊರಗಿ ನಿಂತರು.

ನಾಣ್ಯದ ಪೆಟ್ಟಿಗೆಯ ಮೇಲೆ ಗಂಗಹನುಮಯ್ಯನವರು ತಾವೇ ಒಂದು ಚೀಟಿ ಅಂಟಿಸಿದ್ದರು: ಅರವತ್ತಾರು. ಎಪ್ಪತ್ತು ಅಂಕದ ಅಳತೆಯಲ್ಲಿ ಅರವತ್ತು ದಾಟಿತೆಂದರೆ ಟಂಕಸಾಲೆಯಿಂದ ಬಂದ ಮೇಲೆ ಚಲಾವಣೆಯನ್ನೇ ಕಾಣದ ನಾಣ್ಯ ಎಂದರ್ಥ. ಎಪ್ಪತ್ತಕ್ಕೆ ಎಪ್ಪತ್ತೇ ಕೊಡಬಹುದಿತ್ತಲ್ಲ ಎಂದೆ. ವಿನಯ ಇರಲಿ ಎಂದು ನಾಲ್ಕು ಬಿಟ್ಟಿದ್ದರಂತೆ. ಅಕ್ಕೂರಿನ ರೇಷ್ಮೆ ಬೆಳೆಗಾರರ ಮನೆಯವರಾದ್ದರಿಂದ, ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವಂತೆ ನಾಣ್ಯವನ್ನೂ ಅಲ್ಲಾಡಿಸಿ ನನ್ನ ಕೈಗಿಟ್ಟರು. ಒಳಗೆ ಹುಳು ಇರಲಿಲ್ಲ.

ಚಲಾವಣೆಯಾಗದ ಡಾಲರನ್ನು ದೀಪದ ಕೆಳಗೆ ಓರೆಯಾಗಿ ತಿರುಗಿಸಿದರೆ ಬೆಳಕಿನ ಪಟ್ಟಿಗಳು ಗಾಡಿಯ ಚಕ್ರದಂತೆ ಸುತ್ತಬೇಕು. ಅಚ್ಚು ಒತ್ತುವಾಗ ಲೋಹ ಹರಿದು ಉಂಟಾದ ಸೂಕ್ಷ್ಮ ಗೆರೆಗಳ ಕೆಲಸ ಅದು. ಇಲ್ಲಿ ಏನೂ ಸುತ್ತಲಿಲ್ಲ. ಬೆಳಗಿದ ತಟ್ಟೆಯಂತೆ ಎಲ್ಲೆಡೆ ಒಂದೇ ಸಮ ಹೊಳೆಯಿತು. ಭೂತಗನ್ನಡಿ ಹಿಡಿದರೆ ಕೆನ್ನೆಯ ತುಂಬ ಕೂದಲೆಳೆಯಂಥ ಗೀರುಗಳು. ಮೊದಲು ಸವೆಯುವ ಜಾಗಗಳಾದ ಕಿವಿಯ ಮೇಲಿನ ಕೂದಲು ಮತ್ತು ಹಿಂಬದಿಯ ಹದ್ದಿನ ಎದೆ ಎರಡೂ ನುಣ್ಣಗಾಗಿದ್ದವು.

ಯಾರೋ ಉಜ್ಜಿದ ಹಾಗಿದೆ, ಸಂಗ್ರಹಕಾರರ ಕಣ್ಣಿಗೆ ಅದು ದೋಷ ಎಂದು ಮೆಲ್ಲಗೆ ಹೇಳಿದೆ. ತಮ್ಮ ಮನೆಯಲ್ಲಿ ತಮಗೆ ಗೊತ್ತಿಲ್ಲದೆ ಒಂದು ಚಮಚವನ್ನೂ ಉಜ್ಜುವುದಿಲ್ಲ ಎಂದು ಗಂಗಹನುಮಯ್ಯನವರು ನಕ್ಕರು. ಸಾಕ್ಷಿಯೂ ಅವರ ಬಳಿ ಇತ್ತು.

"ಅಕ್ಷರದ್ ಸಂದೀಲಿ ನೋಡಿ ಮೇಡಂ, ಗೋಲ್ಡನ್ ಟೋನಿಂಗು. ಉಜ್ಜಿದ್ರೆ ಇದು ಉಳೀತಿತ್ತಾ?"

ಹವೆಯಲ್ಲಿರುವ ಗಂಧಕ ಬೆಳ್ಳಿಯ ಮೇಲೆ ನೂರು ವರ್ಷ ಕೂತು ಬರೆಯುವ ಹೊಂಬಣ್ಣ ಅದು, ಉಜ್ಜದ ನಾಣ್ಯದ ಗುರುತು ಎಂದು ನನಗೆ ರಸಾಯನಶಾಸ್ತ್ರ ವಿವರಿಸಿದರು. ತತ್ತ್ವ ಸರಿಯೇ. ಆದರೆ ಈ ಗಂಧಕ ಹದ್ದಿನ ಬದಿಗೆ ಹೋಗದೆ ಹೆಂಗಸಿನ ಬದಿಗೆ ಮಾತ್ರ, ಅದೂ ಸಂದಿಗೊಂದಿಗಳಲ್ಲಿ ಮಾತ್ರ ಕೂತಿತ್ತು. ಬಹಳ ಭಕ್ತಿಯುಳ್ಳ ಗಂಧಕ.

ಅದೇನೆಂದು ನನಗೆ ಅನುಮಾನವಿರಲಿಲ್ಲ. ಸುಮ್ಮನಿದ್ದರೆ ನಾಣ್ಯ ನಾಳೆ ಹೋಗುತ್ತದೆ, ಹೇಳಿದರೆ ಉಜ್ಜಿದವರು ಸಿಕ್ಕಿಬೀಳುತ್ತಾರೆ. ಮನೆಯಲ್ಲಿ ಸುಣ್ಣ ಇದೆಯೇ ಎಂದು ಕೇಳಿದೆ.

ಪ್ರಯೋಗ ಎಂದೊಡನೆ ಗಂಗಹನುಮಯ್ಯನವರು ಉತ್ಸಾಹದಿಂದ ಕುರ್ಚಿ ಎಳೆದುಕೊಂಡರು. ಚಿನ್ನಮ್ಮ ಮಾತ್ರ ನನ್ನ ಮುಖವನ್ನೇ ನೋಡಿದರು. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ನೀರನ್ನು ಕೆಂಪು ಮಾಡುವುದು ನಮ್ಮ ಕಡೆಯ ಯಾವ ಹೆಂಗಸಿಗೆ ಗೊತ್ತಿಲ್ಲ? ಮುಂದೇನಾಗುತ್ತದೆಂದು ಅವರಿಗೆ ಆಗಲೇ ತಿಳಿದಿತ್ತು. ಸುಣ್ಣ ಮುಗಿದಿದೆ ಎನ್ನಬಹುದಿತ್ತು. ಎಲೆಯಡಿಕೆ ತಟ್ಟೆಯಿಂದ ಡಬ್ಬಿ ತಂದು, ಮುಚ್ಚಳ ತೆಗೆದೇ ನನ್ನ ಮುಂದಿಟ್ಟರು.

ಕಡ್ಡಿಯ ತುದಿಯಿಂದ ಒಂದು ಅಕ್ಷರದ ಸಂದಿಯ ಹಳದಿ ಪುಡಿಯನ್ನು ಬಿಳಿಯ ತಟ್ಟೆಗೆ ಉದುರಿಸಿ, ಸುಣ್ಣದ ನೀರು ತಾಕಿಸಿದೆ. ಕೆಂಪಾಯಿತು.

"ಗಂಧಕ ಕೆಂಪಾಗುತ್ತಾ?" ಎಂದರು ಗಂಗಹನುಮಯ್ಯ.

"ಅರಿಶಿನ ಆಗುತ್ತೆ ಸಾರ್."

ಚಿನ್ನಮ್ಮನೇ ಮುಂದೆ ಬಂದರು.

"ನಾನೇ ಕಣ್ರೀ. ವರ್ಸಾ ವರ್ಸಾ ಹುಣ್ಸೇಹಣ್ಣು, ವಿಭೂತಿ ಹಾಕಿ ಉಜ್ತಿದ್ದೆ. ನಮ್ಮವ್ವನೂ ಉಜ್ತಿದ್ಲು. ಕರ್ರಗಿರೋ ಲಕ್ಷ್ಮಿಗೆ ಅರಿಶ್ನ ಕುಂಕ್ಮ ಯಾರಾದ್ರೂ ಇಕ್ತಾರಾ?"

"ನನ್ನೊಂದ್ ಮಾತು ಕೇಳ್ಬೇಕು ಅನ್ನುಸ್ಲಿಲ್ವಾ?"

"ನಮ್ ತವ್ರುಮನೇದು. ಬೀರೂಗ್ ಇಕ್ಕೋವಾಗ ನೀವು ನನ್ ಕೇಳುದ್ರಾ?"

ಗಂಗಹನುಮಯ್ಯನವರು ನನ್ನ ಕಡೆ ತಿರುಗಿ, ಹಾಗಾದರೆ ಎಷ್ಟು ಅಂಕ ಬರಬಹುದು ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಅಂಕ ಬರುವುದಿಲ್ಲ, ಉಜ್ಜಿದ ನಾಣ್ಯ ಎಂದು ಬರೆದು ಹಿಂದಕ್ಕೆ ಕಳಿಸುತ್ತಾರೆ ಎಂದೆ. ಭಾರತೀಯ ಸಾಂಪ್ರದಾಯಿಕ ಟೋನಿಂಗ್ ಎಂದೇನಾದರೂ ಅರ್ಜಿ ಹಾಕಬಹುದೇ ಎಂದರು. ಅಂಥ ವಿಭಾಗ ಇನ್ನೂ ತೆರೆದಿಲ್ಲ ಎಂದೆ. ಕೊನೆಗೆ ಏಜೆಂಟನಿಗೆ ಫೋನ್ ಮಾಡಿ, ತಾಂತ್ರಿಕ ಕಾರಣದಿಂದ ರವಾನೆ ರದ್ದಾಗಿದೆ ಎಂದು ಇಂಗ್ಲಿಷಿನಲ್ಲಿ ತಿಳಿಸಿದರು.

ಅವರು ಫೋನ್ ಇಡುವಷ್ಟರಲ್ಲಿ ಚಿನ್ನಮ್ಮ ನಾಣ್ಯವನ್ನು ಬರಿಗೈಯಲ್ಲಿ ಎತ್ತಿಕೊಂಡು ಅಡುಗೆಮನೆಗೆ ಹೋಗಿದ್ದರು. ಬೆಳ್ಳಿ ದೀಪಗಳಿಗೆಂದು ನೆನೆಹಾಕಿದ್ದ ಹುಣಸೆಹಣ್ಣನ್ನು ಕಿವುಚುತ್ತಿದ್ದರು. ಗಂಗಹನುಮಯ್ಯನವರು ಎದ್ದು ಹೋಗಿ ಬಾಗಿಲಲ್ಲಿ ನಿಂತು, ನೋಡುವಷ್ಟು ಹೊತ್ತು ನೋಡಿದರು.

"ಒಸಿ ಮೆತ್ತುಗ್ ಉಜ್ಜು. ಮೂಗು ಸವ್ದೋಯ್ತದೆ."

ಚಿನ್ನಮ್ಮ ತಿರುಗಿ ನೋಡಲಿಲ್ಲ. ದೇವರಮನೆಯಿಂದ ವಿಭೂತಿ ಉಂಡೆ ತಂದುಕೊಡಿ ಎಂದರು. ಅವರು ತಂದುಕೊಟ್ಟರು.