ಹದಿಮೂರನೆಯ ಹಲಗೆ

ಅಂಗಳದಲ್ಲಿ ಗಂಡಸರು ದತ್ತಾತ್ರಿಯ ಮೈ ತೊಳೆಯುತ್ತಿದ್ದಾಗ ಕೇಶರಬಾಯಿ ಒಳಗೆ ಮಂಡಿಯೂರಿ ಕೂತು ಮಂಚದ ಕೆಳಗಿನಿಂದ ಹಲಗೆಯೊಂದನ್ನು ಎಳೆಯುತ್ತಿದ್ದಳು. ಅದು ಹಳೆಯ ಬಣ್ಣದ ಡಬ್ಬಿಗಳ ಹಿಂದೆ ಸಿಕ್ಕಿಕೊಂಡಿತ್ತು. ಬಾಗಿಲಲ್ಲಿ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡ ಸತ್ತ ದಿನ ಅಳುವುದು ಬಿಟ್ಟು ಬ್ರಶ್ಶು ಹುಡುಕುವ ಹೆಂಗಸನ್ನು ಆ ಓಣಿ ಇದುವರೆಗೆ ಕಂಡಿರಲಿಲ್ಲ. ಪಕ್ಕದ ಮನೆಯ ಅನುಸೂಯಾಬಾಯಿ ಹತ್ತಿರ ಬಂದು, ಒಂದು ಗುಟುಕು ನೀರಾದರೂ ಕುಡಿ ಎಂದಳು. ಸೀಮೆಎಣ್ಣೆ ಇದ್ದರೆ ತಂದುಕೊಡು ಎಂದಳು ಕೇಶರಬಾಯಿ.

ಮಗ ಅಶ್ವಜಿತ ಫೋನು ಕಿವಿಗಿಟ್ಟುಕೊಂಡೇ ಒಳಗೆ ಬಂದ. ಭಾಲ್ಕಿಯಲ್ಲೇ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ಬೀದರಿನಿಂದ ಕಲಾ ಟ್ರಸ್ಟಿನವರು ಹೊರಟಿದ್ದಾರೆ, ಸತೀಶಕುಮಾರ ಸರ್ ತಾವೇ ಬರುತ್ತಿದ್ದಾರೆ, ಹತ್ತಡಿಯ ಫ್ಲೆಕ್ಸ್ ಮಾಡಿಸಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದ. ಅಪ್ಪ ಸತ್ತ ದುಃಖದ ನಡುವೆಯೂ ಅವನ ಮುಖದಲ್ಲಿ ಒಂದು ಬಗೆಯ ಹೆಮ್ಮೆ ಇಣುಕಿತು. ಕೇಶರಬಾಯಿಗೆ ಅದನ್ನು ಕಂಡು ಮೈ ಉರಿಯಿತು.

“ಫ್ಲೆಕ್ಸ್ ಬ್ಯಾಡ,” ಎಂದಳು.

“ಹಂಗ್ಯಾಕ ಅಂತಿ ಅವ್ವಾ? ಯಾರ್ ಸತ್ರೂ ಹಾಕ್ತಾರ. ಆಫೀಸಿನ ಮಂದಿ ಬರ್ತಾರ, ಏನಂತಾರ?”

“ಏನರ ಅನ್ಲಿ. ನಿಮ್ಮಪ್ಪ ಕಡೀಗಿ ಕೇಳಿದ್ದು ಅದೊಂದೇ. ನನ್ನ ಹೆಸರು ಕೈಲಿಂದ ಬರೀರಿ, ಇಲ್ಲಂದ್ರ ಹೆಸರಿಲ್ದೇ ಮಣ್ಣು ಮಾಡ್ರಿ ಅಂದಾರ.”

“ಕೈಲಿಂದ ಬರಿಯೋರು ಈಗ ಯಾರ್ ಉಳದಾರ?”

ಕೇಶರಬಾಯಿ ಹಲಗೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

*

ದತ್ತಾತ್ರಿ ನಲವತ್ತು ವರ್ಷ ಬೋರ್ಡು ಬರೆದವನು. ಭಾಲ್ಕಿಯಿಂದ ಔರಾದದವರೆಗೆ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಸಾಲೆಯ ಗೋಡೆ, ಲಾರಿಯ ಬೆನ್ನು ಯಾವುದನ್ನೂ ಬಿಟ್ಟವನಲ್ಲ. ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಯಿತು, ನಾಲಿಗೆ ಮಾತ್ರ ಉಳಿಯಿತು. ಬಸ್ಸಿನ ಕಿಟಕಿಯಿಂದ ಫ್ಲೆಕ್ಸ್ ಕಂಡರೆ ಉಗುಳುತ್ತಿದ್ದ. ಎರಡು ಮಳೆಗೆ ಬಣ್ಣ ಬಿಡುವ, ಕಡೆಗೆ ಹೊಟ್ಟಿನ ಬಣವೆಗೆ ಹೊದಿಸುವ ತಾಡಪತ್ರಿಯ ಮೇಲೆ ಮನುಷ್ಯನ ಹೆಸರು ಹಾಕುತ್ತಾರಲ್ಲ ಎಂದು ಬೈಯುತ್ತಿದ್ದ.

ಅವನ ಬೋರ್ಡುಗಳಲ್ಲಿ ಅವನದು ಅರ್ಧ ಕೆಲಸ. ಸುಣ್ಣದ ದಾರ ಹಿಡಿದು, ಅಳತೆ ನೋಡಿ ಅಕ್ಷರದ ಗೀಟು ಎಳೆದು ಅವನು ಚಹಾದ ಅಂಗಡಿಗೆ ಹೋಗುತ್ತಿದ್ದ. ಗೀಟಿನೊಳಗೆ ಬಣ್ಣ ತುಂಬುವವಳು ಕೇಶರಬಾಯಿ. ಬಿಸಿಲಲ್ಲಿ ಏಣಿ ಹತ್ತಿ, ಅಂಚಿನಿಂದ ಎಳ್ಳುಕಾಳಿನಷ್ಟೂ ಆಚೆ ಹೋಗದಂತೆ ತುಂಬುತ್ತಿದ್ದಳು. ಬೋರ್ಡಿನ ಮೂಲೆಯಲ್ಲಿ ‘ದತ್ತಾತ್ರಿ ಪೇಂಟರ್’ ಎಂದಿರುತ್ತಿತ್ತು. ಆ ಹೆಸರಿಗೂ ಬಣ್ಣ ತುಂಬುವವಳು ಅವಳೇ.

ಒಮ್ಮೆ ಮೆಹಕರದಲ್ಲಿ ಅವನು ಬರುವುದು ತಡವಾಯಿತೆಂದು ಅವಳೇ ಒಂದು ಅಕ್ಷರದ ಗೀಟು ಎಳೆದಿದ್ದಳು. ಅವನು ಬಂದವನೇ ನಾಲ್ಕು ಜನರ ಮುಂದೆ ಸೀಮೆಎಣ್ಣೆಯ ಅರಿವೆಯಿಂದ ಅದನ್ನು ಒರೆಸಿದ. “ಗೀಟು ನಿನ್ನ ಕೆಲಸ ಅಲ್ಲ. ನಿನ್ನ ಗೀಟು ಕುಡದವ ನಡದಂಗ ನಡೀತದ,” ಎಂದ. ನೋಡುತ್ತಿದ್ದವರು ನಕ್ಕರು. ಅದಾಗಿ ಇಪ್ಪತ್ತು ವರ್ಷವಾದರೂ ಆ ನಗು ಅವಳ ಕಿವಿಯಿಂದ ಹೋಗಿರಲಿಲ್ಲ.

*

ಹಲಗೆ ಮನೆಗೆ ಬಂದದ್ದು ಹೋದ ವರ್ಷ. ಟ್ರಸ್ಟಿನವರು ಬೀದರಿನ ಒಂದು ಹಾಲಿಗೆ ಹನ್ನೆರಡು ಮಂದಿ ಕಲಾವಿದರನ್ನೂ ಡಿಸೈನರುಗಳನ್ನೂ ಕರೆಸಿದ್ದರು. ಸ್ಕೇಟ್‌ಬೋರ್ಡಿನ ತುದಿ ಬಾಗಿದ ಹಲಗೆಗಳಿಗೆ ಚಿತ್ರ ಬರೆಯುವುದು, ಅವನ್ನು ಹರಾಜು ಹಾಕುವುದು, ಬಂದ ದುಡ್ಡಿನಲ್ಲಿ ಔರಾದ ಕಡೆಯ ಬಡ ಮಕ್ಕಳಿಗೆ ಸ್ಕೇಟಿಂಗ್ ಅಂಗಳ ಕಟ್ಟಿಸುವುದು. ಆ ಮಕ್ಕಳನ್ನು ನಿಮಗೇನು ಬೇಕು ಎಂದು ಯಾರೂ ಕೇಳಿದಂತಿರಲಿಲ್ಲ. ಹಲಗೆ ಒರೆಸಿ ಕೊಡಲು, ಡಬ್ಬಿ ಎತ್ತಿಕೊಡಲು ಆಳು ಬೇಕಿತ್ತು. ದತ್ತಾತ್ರಿ ಹೆಂಡತಿಯನ್ನೂ ಕರೆದುಕೊಂಡು ಹೋದ.

ಕಲಾವಿದನಿಗೂ ಡಿಸೈನರನಿಗೂ ಏನು ಅಂತರ ಎಂದು ಅವನು ಒಬ್ಬಳನ್ನು ಕೇಳಿದ. ಅವಳು ಅರ್ಧ ಗಂಟೆ ಹೇಳಿದಳು. ಮೊದಲ ದಿನ ಅವರೆಲ್ಲ ಚಹಾ ಕುಡಿದರು, ಕೋಟೆಗೆ ಹೋಗಿ ಫೋಟೊ ತೆಗೆಸಿಕೊಂಡರು. ಎರಡನೆಯ ದಿನ ಬಣ್ಣ ಹಚ್ಚಿದರು. ನುಣ್ಣನೆಯ ವಾರ್ನಿಶ್ ಉಜ್ಜಿ ತೆಗೆಯದೆ, ಪ್ರೈಮರ್ ಹಾಕದೆ ಹಚ್ಚಿದ ಬಣ್ಣ ಮಧ್ಯಾಹ್ನಕ್ಕೆಲ್ಲ ಸಿಪ್ಪೆಯಂತೆ ಎದ್ದು ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಂತೆ ಅವರು ಹಲಗೆಯನ್ನೇ ಬೈದರು. ದತ್ತಾತ್ರಿ ಹನ್ನೆರಡನ್ನೂ ಉಜ್ಜಿ ಪ್ರೈಮರ್ ಬಳಿದ.

ಮೂರನೆಯ ದಿನ ಮತ್ತೆ ಶುರು ಮಾಡಿದರು. ಆ ಹನ್ನೆರಡು ಮಂದಿಯಲ್ಲಿ ಒಬ್ಬನೂ ಟ್ರಸ್ಟಿನ ಹಿರಿಯನೂ ಆದ ಸತೀಶಕುಮಾರನಿಗೆ ಕಪ್ಪು ಹಲಗೆಯ ಮೇಲೆ ಬೆಳ್ಳಿಬಣ್ಣದ ಬಳ್ಳಿ ಬೇಕಿತ್ತು. ಬಾಗಿದ ತುದಿಯಲ್ಲಿ ಅವನ ಬಳ್ಳಿ ಮೂರು ಸಲ ಕೆಟ್ಟಿತು. ಕಡೆಗೆ, “ನೀವೇ ಸ್ವಲ್ಪ ಮುಗಿಸ್ರಿ ಕಾಕಾ,” ಎಂದು ಬ್ರಶ್ಶು ಕೊಟ್ಟು ಊಟಕ್ಕೆ ಹೋದ. ದತ್ತಾತ್ರಿ ಗೀಟು ಎಳೆದ, ಕೇಶರಬಾಯಿ ತುಂಬಿದಳು. ಊಟದಿಂದ ಬಂದವನು ಮೂಲೆಯಲ್ಲಿ ಸಹಿ ಹಾಕಿದ.

ಹರಾಜಿನಲ್ಲಿ ಎಲ್ಲಕ್ಕಿಂತ ಹೆಚ್ಚಿನ ಬೆಲೆ ಕೂಗಿಸಿಕೊಂಡದ್ದು ಅದೇ ಹಲಗೆ. ಸತೀಶಕುಮಾರ ಮೈಕಿನಲ್ಲಿ, ಈ ಬಳ್ಳಿಯಲ್ಲಿ ನನ್ನ ಅಜ್ಜಿಯ ನೆನಪಿದೆ ಎಂದ. ದತ್ತಾತ್ರಿ ಮೂವತ್ತು ವರ್ಷ ಹಿಟ್ಟಿನ ಗಿರಣಿಗಳ ಬೋರ್ಡಿಗೆ ಬಿಡಿಸುತ್ತಿದ್ದ ಬಳ್ಳಿ ಅದು. ಜನ ಚಪ್ಪಾಳೆ ತಟ್ಟಿದರು. ಬಾಗಿಲ ಹತ್ತಿರ ನಿಂತಿದ್ದ ದತ್ತಾತ್ರಿಯ ಬಣ್ಣದ ಕೈ ಕಂಡು ಯಾರೋ, ನೀವೂ ಇದಕ್ಕೆ ಕೈ ಹಚ್ಚಿದ್ದಿರಾ ಎಂದು ಕೇಳಿದರು.

“ಹೌದ್ರಿ, ಅದು ನನ್ನ ಕೆಲಸ. ನಾ ಒಬ್ಬನೇ ಮಾಡೀನಿ,” ಎಂದ ದತ್ತಾತ್ರಿ.

ಕೇಶರಬಾಯಿ ಅವನ ಬಗಲಲ್ಲೇ ನಿಂತಿದ್ದಳು. ಬೆರಳಿನ ಬೆಳ್ಳಿಬಣ್ಣ ಇನ್ನೂ ಹೋಗಿರಲಿಲ್ಲ.

ಸಂಜೆ ಟ್ರಸ್ಟಿನವರು ಬಿರುಕು ಬಿಟ್ಟು ಬಳಸದೆ ಉಳಿದಿದ್ದ ಹದಿಮೂರನೆಯ ಹಲಗೆಯನ್ನು ಅವನಿಗೆ ಕಾಣಿಕೆ ಎಂದು ಕೊಟ್ಟರು. ಭಾಲ್ಕಿಯ ಬಸ್ಸಿನಲ್ಲಿ ದತ್ತಾತ್ರಿ ದಾರಿಯುದ್ದಕ್ಕೂ ಸತೀಶಕುಮಾರನ ಸಹಿಯನ್ನು ಬೈದ. ತನ್ನ ಹೆಸರೇ ನೆಟ್ಟಗೆ ಬರೆಯಲು ಬಾರದ ಕಳ್ಳ ಎಂದ. ಕಳ್ಳನನ್ನು ಕಳ್ಳನೇ ಬೈಯುವುದನ್ನು ಕೇಳುತ್ತ ಕೇಶರಬಾಯಿ ಕಿಟಕಿಯ ಆಚೆ ನೋಡಿದಳು.

*

ಈಗ ಅವಳು ಆ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಿಳಿ ಬಳಿದಳು. ಅದು ಬೇಗ ಆರಲೆಂದು ನೀರು ಕಾಯಿಸಿದ್ದ ಒಲೆಯ ಹತ್ತಿರ ಹಿಡಿದಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡಳು. ತುಂಬಲು ಗೀಟು ಇರಲಿಲ್ಲ. ಗೀಟು ಎಳೆಯುವವನು ಅಂಗಳದಲ್ಲಿ ಬಿಳಿ ಬಟ್ಟೆ ಉಟ್ಟು ಮಲಗಿದ್ದ.

‘ದ’ ಬರೆದಳು. ಅದರ ಹೊಟ್ಟೆ ಒಂದು ಕಡೆ ಜೋತಿತು. ಅವಳು ಅರಿವೆ ಎತ್ತಿಕೊಂಡು ಒರೆಸಲು ಹೋದವಳು ನಿಂತಳು. ಒರೆಸುವವರು ಈಗ ಯಾರೂ ಇರಲಿಲ್ಲ. “ಇರಲಿ,” ಎಂದು ಮುಂದಿನ ಅಕ್ಷರಕ್ಕೆ ಹೋದಳು. ಕಡೆಯ ‘ತ್ರಿ’ಗೆ ಜಾಗ ಸಾಲದೆ ಅದು ಹಲಗೆಯ ಬಾಗಿದ ತುದಿಗೆ ಏರಿ ಕೂತಿತು. ಅವನು ಕಂಡಿದ್ದರೆ ಉಗುಳುತ್ತಿದ್ದ. ಅಷ್ಟು ಹೊತ್ತು ಬಾರದಿದ್ದ ಅಳು ಅವಳಿಗೆ ಆಗ ಬಂತು. ಅಳುತ್ತಲೇ ಕಪ್ಪು ಬಣ್ಣ ತುಂಬಿದಳು. ಅಂಚು ಮಾತ್ರ ಎಲ್ಲೂ ಕೆಡಲಿಲ್ಲ.

ಅವಳು ಹಲಗೆ ಹಿಡಿದು ಹೊರಗೆ ಬಂದಾಗ ಟ್ರಸ್ಟಿನ ಕಾರು ಬಂದು ನಿಂತಿತ್ತು. ಸತೀಶಕುಮಾರ ಇಸ್ತ್ರಿ ಮಾಡಿದ ಬಿಳಿ ಕುರ್ತಾ ಹಾಕಿಕೊಂಡಿದ್ದ. ಜೊತೆಯಲ್ಲಿ ಕ್ಯಾಮರಾದವನೂ ಇದ್ದ. ಅಶ್ವಜಿತ ಫ್ಲೆಕ್ಸಿನ ಸುರುಳಿ ಹಿಡಿದು ನಿಂತಿದ್ದವನು ತಾಯಿಯ ಕೈಯಲ್ಲಿದ್ದುದನ್ನು ನೋಡಿದ. ಸುರುಳಿಯನ್ನು ಬಿಚ್ಚದೆ ಗೋಡೆಗೆ ಒರಗಿಸಿದ.

ಸತೀಶಕುಮಾರ ಹಲಗೆಯನ್ನು ಕಂಡವನೇ ಮುಂದೆ ಬಂದ. ಎಷ್ಟು ಸಹಜವಾಗಿದೆ, ಕಲಿಯದ ಕೈಗೆ ಮಾತ್ರ ಇದು ಸಾಧ್ಯ ಎಂದು ಕ್ಯಾಮರಾದವನಿಗೆ ವಿವರಿಸಿದ. ಬಿಡಿಸಿದವರು ಯಾರು ಎಂದು ಕೇಳಲಿಲ್ಲ.

“ಮಣ್ಣಾದ ಮ್ಯಾಲೆ ಇದನ್ನ ನಮಗ ಕೊಡ್ರಿ ಬಾಯಿ. ಮುಂದಿನ ಹರಾಜಿಗೆ ಇಡ್ತೇವಿ. ಕಾಕಾನ ಹೆಸರು ಉಳೀತದ,” ಎಂದ.

ಅವಳು ಹೂಂ ಎನ್ನುವ ಮೊದಲೇ ಹಲಗೆ ಅವನ ಕೈಯಲ್ಲಿತ್ತು. ಕ್ಯಾಮರಾದವನು ಹೆಣದ ಹತ್ತಿರ ನಿಲ್ಲಲು ಸನ್ನೆ ಮಾಡಿದ. ಕೈ ಮುಗಿಯಬೇಕಿತ್ತು. ಅದಕ್ಕೆ ಎರಡು ಕೈಯೂ ಬೇಕಿತ್ತು. ಸತೀಶಕುಮಾರ ಹಲಗೆಯನ್ನು ಬಗಲಲ್ಲಿ ಒತ್ತಿ ಹಿಡಿದು, ಕೈ ಮುಗಿದು, ಕಣ್ಣು ಮುಚ್ಚಿದ.

ಬಣ್ಣ ಹಸಿ ಇದೆ ಎಂದು ಕೇಶರಬಾಯಿ ಹೇಳಬಹುದಿತ್ತು. ಫೋಟೊ ಮುಗಿಯುವ ತನಕ ಸುಮ್ಮನೆ ನಿಂತು, ಆಮೇಲೆ ಮುಂದೆ ಬಂದು ಕೈ ಚಾಚಿದಳು.

“ಇದು ಹರಾಜಿಗಿ ಅಲ್ರಿ. ಇದು ನಾ ಬರದದ್ದು.”

ಅವನು ಪೆಚ್ಚಾಗಿ ಹಲಗೆ ಕೊಟ್ಟ. ಕೆಲವು ಅಕ್ಷರಗಳ ಬಣ್ಣ ತೆಳ್ಳಗಾಗಿತ್ತು. ಅವಳು ಬಾಗಿಲಲ್ಲೇ ಕೂತು ಅವನ್ನು ಮತ್ತೆ ತುಂಬಿ ಅಶ್ವಜಿತನ ಕೈಗೆ ಕೊಟ್ಟಳು. ಅವನು ಅದನ್ನು ಅಂಚಿನಲ್ಲಿ ಹಿಡಿದು ಎಲ್ಲರಿಗೂ ಮುಂದೆ ನಡೆದ.

ಬುದ್ಧಂ ಸರಣಂ ಗಚ್ಛಾಮಿ ಎಂದು ತ್ರಿಶರಣ ಹೇಳುತ್ತ ಮಂದಿ ಹೊರಟರು. ಸತೀಶಕುಮಾರ ಕ್ಯಾಮರಾಕ್ಕೆ ಕಾಣುವಂತೆ ಹೆಣದ ಪಕ್ಕದಲ್ಲೇ ನಡೆಯುತ್ತಿದ್ದ. ಅವನ ಬಿಳಿ ಕುರ್ತಾದ ಪಕ್ಕೆಯಲ್ಲಿ ‘ದತ್ತಾತ್ರಿ’ ಎಂದು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಅಚ್ಚಾಗಿತ್ತು. ಯಾರೂ ಅವನಿಗೆ ಹೇಳಲಿಲ್ಲ. ಹಿಂದೆ ಬರುತ್ತಿದ್ದ ಕೇಶರಬಾಯಿ ಸ್ಮಶಾನ ಬರುವ ತನಕ ಅದನ್ನೇ ನೋಡುತ್ತ ನಡೆದಳು. ಉಲ್ಟಾ ಬಿದ್ದಿದ್ದರೂ ‘ದ’ದ ಹೊಟ್ಟೆ ಒಂದು ಕಡೆ ಜೋತೇ ಇತ್ತು.